ನಾನು ಹೊಲಿದು ಮುಚ್ಚಿದ ಅಂಚು

ಮೊಮ್ಮಕ್ಕಳೇ, ಸಹನಾ, ಅಭಿ, ನಿಮಗೆ ಒಬ್ಬಾಕೆಯ ಮಾತು ಹೇಳಬೇಕು. ಆಕೆಯ ಬಲಗೈಯ ನಡುಬೆರಳು ಸೂಜಿ ಒತ್ತಿ ಒತ್ತಿ ಉತ್ತತ್ತಿಯಂತೆ ಗಟ್ಟಿಯಾಗಿ ಸುಕ್ಕುಗಟ್ಟಿತ್ತು. ಪುರ್ತಗೇರಿಯ ನಮ್ಮ ಓಣಿಯಲ್ಲಿ ಆಕೆ ಹೊಲಿದ ಕೌದಿ ಹೊದ್ದು ಮಲಗದ ಮಗುವೇ ಇರಲಿಲ್ಲ. ನಮ್ಮ ಗೋಡೆಗೆ ಹತ್ತಿದ ಮನೆಯವಳು. ನಾನು ಅಕ್ಕ ಎನ್ನುತ್ತಿದ್ದೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ತಿಂಗಳುಗಟ್ಟಲೆ ಹೊಸ್ತಿಲು ದಾಟಲಿಲ್ಲ. ಒಂದು ಮಧ್ಯಾಹ್ನ ಆಕೆ ಹಳೆಯ ಸೀರೆಗಳ ಗಂಟು ತಂದು ನನ್ನೆದುರು ಬಿಚ್ಚಿ, ಕೈಗೆ ಸೂಜಿ ಕೊಟ್ಟಳು.

"ಅಳೂದಿದ್ರ ಅಳು ತಂಗಿ. ಕೈ ಮಾತ್ರ ನಿಲ್ಲಸಬ್ಯಾಡ."

ಅಂದಿನಿಂದ ಇಬ್ಬರೂ ಒಂದೇ ಕೌದಿಗೆ ಕೂತೆವು. ನನ್ನ ಸಾಲು ಡೊಂಕಾದರೆ, "ಇದೇನ ಹೊಲಿಗಿನೋ, ಕುರಿ ನಡದ ದಾರಿನೋ?" ಎಂದು ಬಿಚ್ಚಿಸುತ್ತಿದ್ದಳು.

ಹೊಲದಲ್ಲಿ ಕಳೆ ತೆಗೆದು, ಮನೆಯಲ್ಲಿ ಬಾಗಿ ಹೊಲಿದು ಆಕೆಯ ಬೆನ್ನು ಹಿಡಿದುಕೊಂಡಿತ್ತು. ಗಜೇಂದ್ರಗಡದಲ್ಲಿ ಒಬ್ಬ ಡಾಕ್ಟರು ಇಂಜೆಕ್ಷನ್ ಮಾಡಿದರು. ಎರಡೇ ದಿನಕ್ಕೆ ನೋವು ಇಳಿಯಿತು. ನೋವು ಮರಳಿದಾಗಲೆಲ್ಲ ಹೋಗಿ ಮಾಡಿಸಿಕೊಂಡು ಬಂದಳು. ಹೀಗೆ ಎರಡು ವರ್ಷ. ಅದು ಸ್ಟಿರಾಯ್ಡ್ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಒಂದು ಚಳಿಗಾಲದಲ್ಲಿ, ಕೌದಿಯ ಎಡ ಅಂಚಿನಲ್ಲಿ ಆಕೆಯ ಹೊಲಿಗೆ ಬಿಟ್ಟುಹೋಗಿದ್ದು ಕಂಡೆ. ಗೇಣುದ್ದ ಬಟ್ಟೆ ಸಡಿಲವಾಗಿತ್ತು. ಕಲಿಸಿದವಳಿಗೇ ತಪ್ಪು ತೋರಿಸಲು ನನಗೆ ನಾಚಿಕೆ. ಆಕೆ ರೊಟ್ಟಿ ಬಡಿಯಲು ಒಳಗೆ ಹೋದಾಗ ನಾನೇ ಹೊಲಿದು ಮುಚ್ಚಿದೆ. ಮೂರು ಕೌದಿ ಹೀಗೇ ಮುಗಿದವು. ಒಂದು ದಿನ ಎಡಬದಿಯಿಂದ ಬಂದ ಎಮ್ಮೆ ಕಾಣದೆ ಅದಕ್ಕೆ ಹಾಯ್ದು ಬಿದ್ದಳು. ಆಗ ಹುಬ್ಬಳ್ಳಿಗೆ ಕರೆದೊಯ್ದೆ.

ಕಣ್ಣಿನ ಡಾಕ್ಟರು ಹಳೆಯ ಚೀಟಿಗಳನ್ನು ನೋಡಿದರು. ಆ ಇಂಜೆಕ್ಷನ್‌ಗಳಿಂದ ಕಣ್ಣಿನೊಳಗಿನ ಒತ್ತಡ ಏರಿ ಎಡಗಣ್ಣಿನ ನರ ಕೆಟ್ಟಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಕೆಲವು ತಿಂಗಳು ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು ಎಂದರು. ಯಾವಾಗಿನಿಂದ ಕಾಣುತ್ತಿಲ್ಲ ಎಂದೂ ಕೇಳಿದರು.

"ಮೊನ್ನಿತನಕ ಚಲೋನ ಇದ್ವುರಿ," ಎಂದಳು ಅಕ್ಕ. "ನನ್ನ ಕೌದಿ ನೋಡ್ರಿ ಬೇಕಾದ್ರ, ಒಂದ ಹೊಲಿಗಿ ತಪ್ಪಿಲ್ಲ. ಹೇಳ ತಂಗಿ, ಖರೇ ಹೌದಲ್ಲ?"

"ಹೌದ್ರಿ," ಎಂದೆ ನಾನು.

ಹನಿ ಔಷಧ ಹಾಕುತ್ತಲೇ ಇದ್ದೆವು. ಆದರೂ ವರ್ಷದೊಳಗೆ ಬಲಗಣ್ಣೂ ಮಂಜಾಯಿತು. ಆಮೇಲೆ ನಾನು ಹೊಲಿಯುತ್ತಿದ್ದೆ, ಆಕೆ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಯಾರನ್ನೂ ಬೈಯಲಿಲ್ಲ. ತನ್ನ ಕಣ್ಣು ಒಮ್ಮೆಲೇ ಹೋದವೆಂದೇ ನಂಬಿದ್ದಳು. ಹೋದ ಬೇಸಿಗೆಯಲ್ಲಿ ತೀರಿಕೊಂಡಳು.

ಆ ಮೂರು ಕೌದಿಗಳ ಮಾತನ್ನು ಆಕೆಯ ಮುಂದೆ ಆಡಲು ನನಗೆ ಬಾಯಿ ಬರಲಿಲ್ಲ. ಬೇರೆ ಯಾರಿಗೂ ಹೇಳಿಲ್ಲ. ನಿಮಗೆ ಬರೆದಿದ್ದೇನೆ, ಮಕ್ಕಳೇ. ಈ ಹಾಳೆಗಳನ್ನು ಕಳೆಯಬೇಡಿ.