ಸಂಕಪ್ಪಣ್ಣ ಕಟ್ಟಿದ ಮಿತಿ

ಗುತ್ತಿಗಾರಿನ ಸಂಕಪ್ಪಣ್ಣ ಸರಕಾರಿ ಬಸ್ಸು ಓಡಿಸಿ ನಿವೃತ್ತನಾಗುವವರೆಗೂ ಒಂದೇ ಒಂದು ಅಪಘಾತ ಮಾಡಿದವನಲ್ಲ. ಮಾಡುವುದಾದರೂ ಹೇಗೆ? ಅವನ ಬಸ್ಸು ಯಾರಿಗಾದರೂ ತಾಗಬೇಕಿದ್ದರೆ ಅವರೇ ಬಂದು ತಾಗಬೇಕಿತ್ತು. ಇಂಜಿನಿಗೆ ವೇಗದ ಮಿತಿ ಕಟ್ಟಿ ಸೀಲು ಹಾಕಿದ್ದರು. ಆ ಮಿತಿಯ ಹತ್ತಿರಕ್ಕೂ ಹೋಗದಿರುವುದನ್ನು ಅವನು ವ್ರತವಾಗಿ ನಡೆಸಿದ. ಪುತ್ತೂರಿನಲ್ಲಿ ಅವಸರದ ಕೆಲಸ ಇದ್ದವರು ಅವನ ಮುಖ ಕಂಡ ಕೂಡಲೇ ಇಳಿದು ಜೀಪು ಹಿಡಿಯುತ್ತಿದ್ದರು.

ನಿವೃತ್ತಿಯ ನಂತರ ಈ ಮಹಾಶಿಸ್ತು ಮನೆಯ ಮೇಲೆ ಬಿತ್ತು. ಫ್ಯಾನು ಮೂರರ ಮೇಲೆ ತಿರುಗಬಾರದು, ಮಿಕ್ಸಿ ಎರಡಕ್ಕೆ ಹೋಗಬಾರದು. ಹೆಂಡತಿ ಊರ್ಮಿಳಾ ಇಷ್ಟನ್ನೂ ಸಹಿಸಿಕೊಂಡಿದ್ದಳು. ಆಮೇಲೆ ಅವಳೊಂದು ಕಂಪ್ಯೂಟರ್ ತಂದಳು.

ಅದು ಪುತ್ತೂರಿನ ಸುಲೈಮಾನನ ಅಂಗಡಿಯ ಹಳೆಯ ಯಂತ್ರ. ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಕೊಟ್ಟಿದ್ದ. ಮಂಗಳೂರಿನಲ್ಲಿ ಅಡುಗೆ ಶಾಲೆ ನಡೆಸುವ ತನ್ಮಯೀ ಊರ್ಮಿಳಾಳ ಕೈರುಚಿಗೆ ಸೋತು, ಮಳೆಗಾಲದ ಆಟಿ ತಿಂಗಳಲ್ಲಿ ಕೆಸುವಿನ ಎಲೆಯಿಂದ ಮಾಡುವ ಪತ್ರೊಡೆಯನ್ನು ಲೈವ್ ವೀಡಿಯೋದಲ್ಲಿ ಕಲಿಸಿಕೊಡಿ, ಚೆನ್ನಾಗಿ ಬಂದರೆ ಮುಂದುವರಿಸುವ ಎಂದಿದ್ದಳು. ಮದುವೆಯಾದ ಮೇಲೆ ಊರ್ಮಿಳಾಳಿಗೆ ತನ್ನದು ಎಂದು ಸಿಕ್ಕಿದ ಮೊದಲ ಕೆಲಸ ಅದು.

ಸಂಕಪ್ಪಣ್ಣನಿಗೆ ಕೇಳಿಸಿದ್ದು ಕಂಪ್ಯೂಟರಿನೊಳಗಿನ ಫ್ಯಾನಿನ ಸದ್ದು ಮಾತ್ರ. ಗಾಬರಿಯಾಗಿ ಸುಲೈಮಾನನಿಗೆ ಫೋನು ಮಾಡಿದ.

"ಪ್ರೊಸೆಸರ್ ಜೋರು ಓಡುವಾಗ ಬಿಸಿ ಆಗ್ತದೆ ಸಂಕಪ್ಪಣ್ಣ, ಹಾಗೆ ಫ್ಯಾನು ತಿರುಗುದು. ಹೆದರ್ಲಿಕ್ಕೆ ಎಂತ ಇಲ್ಲ."

"ಇಷ್ಟೇ ಓಡ್ಬೇಕು ಅಂತ ಅದನ್ನು ಕಟ್ಟಿಹಾಕ್ಲಿಕ್ಕೆ ಆಗುದಿಲ್ವಾ ಮಾರಾಯ?"

"ಆಗ್ತದೆ. ಕರ್ನಲ್‌ಗೆ ಒಂದು ಮೇಲಿನ ಮಿತಿ ಹೇಳಿಟ್ರೆ ಆಯ್ತು. ಆದ್ರೆ ಯಾಕೆ?"

ಯಾಕೆ ಎಂಬ ಪ್ರಶ್ನೆಗೆ ಸಂಕಪ್ಪಣ್ಣ ಎಂದೂ ಸೀಟು ಕೊಟ್ಟವನಲ್ಲ. ವೀಡಿಯೋಗಳನ್ನು ನೋಡಿ ಕಲಿತ. ಲಿನಕ್ಸಿನ ಒಳಗೆ ಕರ್ನಲ್ ಎಂಬ ಯಜಮಾನನಿದ್ದಾನೆ, ಪ್ರೊಸೆಸರ್ ಎಷ್ಟು ವೇಗವಾಗಿ ಓಡಬೇಕೆಂದು ಅಪ್ಪಣೆ ಕೊಡುವುದು ಅವನೇ ಎಂದು ತಿಳಿದಾಗ ತನ್ನ ಮನಸ್ಸಿನವನೊಬ್ಬ ಸಿಕ್ಕಿದ ಸಂತೋಷವಾಯಿತು. ಊರ್ಮಿಳಾ ಬಸಳೆ ಕೊಯ್ಯಲು ಹೋದಾಗ ಗರಿಷ್ಠ ವೇಗವನ್ನು ಅರ್ಧಕ್ಕೆ ಇಳಿಸಿ, ಪ್ರತಿ ಸಲ ಆನ್ ಮಾಡುವಾಗಲೂ ಅದೇ ಮಿತಿ ಬೀಳುವ ಹಾಗೆ ಮಾಡಿಟ್ಟ. ಹೆಂಡತಿಗೆ ಹೇಳಲಿಲ್ಲ. ಒಳ್ಳೆಯ ಕೆಲಸವನ್ನು ಹೇಳಿಕೊಂಡು ತಿರುಗಬಾರದಲ್ಲ.

ಅಷ್ಟರಲ್ಲಿ ಆಟಿಯ ಮಳೆ ಹಿಡಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಪಟ್ಟೆಸೀರೆಯ ಕಪಾಟಿನೊಳಗೆ ಒಂದು ಬಲ್ಬು ಉರಿಸಿಡುವುದುಂಟು. ಸಂಕಪ್ಪಣ್ಣ ಪರದೆ, ಕ್ಯಾಮೆರಾ ಮಾತ್ರ ಹೊರಗಿಟ್ಟು ಕಂಪ್ಯೂಟರಿನ ಪೆಟ್ಟಿಗೆಯನ್ನೂ ಗಾಜಿನ ಕಪಾಟಿಗೆ ಸೇರಿಸಿ, ಪಕ್ಕದಲ್ಲಿ ಬಲ್ಬು ಉರಿಸಿ, ಬಾಗಿಲು ಮುಚ್ಚಿದ. ಊರ್ಮಿಳಾಳೂ ತಲೆದೂಗಿದಳು, ಅವಳ ತವರಿನಲ್ಲೂ ಅದೇ ಪದ್ಧತಿ. ಹೀಗೆ ಬಿಸಿಗೆ ಹೆದರಿ ವೇಗ ಕಟ್ಟಿದ ಪುಣ್ಯಾತ್ಮನೇ ಬಿಸಿಯ ವ್ಯವಸ್ಥೆಯನ್ನೂ ಮಾಡಿ ಮುಗಿಸಿದ.

ಭಾನುವಾರ ತರಗತಿ ಶುರುವಾಯಿತು. ಕೆಸುವಿನ ಎಲೆಗೆ ಹಿಟ್ಟು ಹಚ್ಚುವಲ್ಲಿ ಚಿತ್ರ ನಿಂತುಬಿಟ್ಟಿತು. ಬಾಯಿ ತೆರೆದು ನಿಂತ ಊರ್ಮಿಳಾಳನ್ನು ಮಂಗಳೂರಿನವರು ಭಕ್ತಿಯಿಂದ ದರ್ಶನ ಮಾಡಿದರು. ಚಿತ್ರ ಮತ್ತೆ ಅಲುಗಿದಾಗ ಪತ್ರೊಡೆ ಬೆಂದಾಗಿತ್ತು. "ಮುಂದಿನ ಭಾನುವಾರ ಇನ್ನೊಮ್ಮೆ ನೋಡುವ ಅಕ್ಕಾ. ಆಗ್ಲೂ ಹೀಗಾದ್ರೆ ನಾನು ಬೇರೆಯವರನ್ನು ಹುಡುಕ್ಬೇಕಾಗ್ತದೆ" ಎಂದಳು ತನ್ಮಯೀ. ಊರ್ಮಿಳಾ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಅತ್ತಳು. ಅವಳು ಅತ್ತದ್ದನ್ನು ಸಂಕಪ್ಪಣ್ಣ ಕಂಡದ್ದು ಕಡಿಮೆ.

ಮರುದಿನ ದಾನಶೂರನ ಗತ್ತಿನಲ್ಲಿ ತನ್ನ ಮಿತಿಯನ್ನು ತೆಗೆದುಹಾಕಿದ. ಯಂತ್ರ ಮಾತ್ರ ತೆವಳುವುದನ್ನು ಬಿಡಲಿಲ್ಲ. ಮತ್ತೆ ಸುಲೈಮಾನನೇ ಗತಿ.

"ಮಿತಿ ಹೇಳುದು ನೀವೊಬ್ರೇ ಅಲ್ಲ ಸಂಕಪ್ಪಣ್ಣ, ಬಿಸಿ ನೋಡಿಕೊಳ್ಳುವ ಭಾಗವೂ ಒಂದು ಮಿತಿ ಹೇಳ್ತದೆ. ಕರ್ನಲ್ ಎಲ್ಲರದ್ದೂ ಕೇಳಿ, ಯಾರದ್ದು ಎಲ್ಲಕ್ಕಿಂತ ಕಮ್ಮಿಯೋ ಅದನ್ನೇ ನಡೆಸುದು. ಹತ್ತಿರ ಬಿಸಿಯ ವಸ್ತು ಎಂತಾದ್ರೂ ಉಂಟಾ?"

ಸಂಕಪ್ಪಣ್ಣ ಬಲ್ಬನ್ನು ನೋಡಿದ. "ಅಂದ್ರೆ ನನ್ನ ಮಿತಿ ತೆಗೆದದ್ದು ಸಾಕಾಗುದಿಲ್ಲ" ಎನ್ನುತ್ತ ತಿರುಗಿದರೆ ಬಾಗಿಲಲ್ಲಿ ಊರ್ಮಿಳಾ ನಿಂತಿದ್ದಳು.

"ನಿಮ್ಮದೂ ಒಂದು ಮಿತಿ ಇತ್ತಾ?"

"ಮೆಶಿನು ಹಾಳಾಗ್ಬಾರ್ದು ಅಂತ..."

"ಮೆಶಿನು ನನ್ನದಲ್ವಾ. ಒಂದು ಮಾತು ಕೇಳ್ಬಹುದಿತ್ತು."

ಅವಳು ಬಲ್ಬು ಕಳಚಿ, ಕಂಪ್ಯೂಟರನ್ನು ತಾನೇ ಎತ್ತಿ ಕಿಟಕಿಯ ಬಳಿ ಮೇಜಿನ ಮೇಲಿಟ್ಟಳು. ಅವನು ಕೈಜೋಡಿಸಲು ಬಂದರೆ, ಬೇಡ ಎಂದಳು.

ಎರಡನೆಯ ಭಾನುವಾರದ ತರಗತಿ ಎಲ್ಲಿಯೂ ತಡೆಯದೆ ಸಾಗಿತು. ಮುಗಿದ ಮೇಲೆ ತನ್ಮಯೀಯ ಫೋನು. ಪ್ರತಿ ವಾರ ಮಂಗಳೂರಿಗೇ ಬಂದು ಕಲಿಸಬೇಕಂತೆ, ಎರಡು ದಿನ ಅವಳ ಮನೆಯಲ್ಲೇ ಉಳಿಯಬೇಕಂತೆ. ಚಾವಡಿಯಲ್ಲಿ ಕುಳಿತು ಕೇಳಿಸಿಕೊಂಡ ಸಂಕಪ್ಪಣ್ಣ ಕಾರಣಗಳನ್ನು ಕೂಡಿಸತೊಡಗಿದ: ಮಳೆ, ರಸ್ತೆಯ ಗುಂಡಿ, ಅವಳ ಮಂಡಿನೋವು. ಹೆಣ್ಣು ಕೆಲಸಕ್ಕೆ ಹೋಗಬಾರದೆಂದ ಅವಳ ಅಪ್ಪ ಈಗ ಇಲ್ಲ. ಅಡುಗೆಮನೆ ದಾಟಬಾರದೆಂದ ಅವಳ ಅತ್ತೆಯೂ ಇಲ್ಲ. ಅವರದ್ದೆಲ್ಲ ಕಳಚಿಹೋಗಿ, ಇನ್ನು ಅವಳ ಮೇಲೆ ಉಳಿದ ಮಿತಿ ತನ್ನದೊಂದೇ ಎಂದು ಹೊಳೆದಾಗ ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಯಿತು. ಒಮ್ಮೆ ಹೋದವಳಿಗೆ ತಿರುಗಿ ಬರಲು ಇಲ್ಲಿ ಎಂತ ಉಂಟು?

ಊರ್ಮಿಳಾ ಫೋನಿಟ್ಟು ಬಂದಳು. ಹೋಗ್ಲಾ ಎಂದು ಅವಳು ಕೇಳುತ್ತಾಳೆ, ಕೇಳಿದ ಕೂಡಲೇ ಬೇಡ ಎನ್ನುವ ಎಂದು ಅವನು ಗಂಟಲು ಸರಿಮಾಡಿಕೊಂಡ.

"ಮಂಗಳವಾರ ಹೊರಡ್ತೇನೆ" ಎಂದಳು ಅವಳು. "ನಿಮಗೆ ಅನ್ನ ಇಡ್ಲಿಕ್ಕೆ ಬರ್ತದಾ?"

ಸಂಕಪ್ಪಣ್ಣ ಎದ್ದು ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆ ಕೈಗೆತ್ತಿಕೊಂಡ.

"ನೀರು ಎಷ್ಟು ಇಡುದು?" ಎಂದು ಕೇಳಿದ.