ಮೂರನೇ ಯಂತ್ರಕ್ಕೆ ತಿರುಗಿಸಿದ ಹೆಸರು

ಟೇಪು ಹಿಂದಕ್ಕೆ ಸುತ್ತಿಕೊಳ್ಳುವ ಸದ್ದು ತೆಳ್ಳಗೆ ಶುರುವಾಗಿ ಸೀಟಿಯಂತೆ ಏರುತ್ತಿತ್ತು. ಅದು ನಿಂತರೆ ಸಂಜೀವಪ್ಪನ ಪಾಳಿ ಮುಗಿದಂತೆ. ಎಪ್ಪತ್ತೈದನೇ ಇಸವಿಯಲ್ಲಿ ಅವನು ಬೂದಿಗೆರೆಯಿಂದ ದಿನವೂ ಮೊದಲ ಬಸ್ಸಿಗೆ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಯೊಳಗೆ ಕಾಲಿಡುತ್ತಿದ್ದ.

ಅಲ್ಲಿ ಟೇಪಿನ ಯಂತ್ರಗಳು ನಾಲ್ಕು. ಪ್ರೋಗ್ರಾಂ ಬರೆದವರಿಗೆ ಅವುಗಳ ಗುರುತಿರಲಿಲ್ಲ. ‘ಐದನೇ ಹೆಸರಿಗೆ ಬರೆ’ ಎಂದಷ್ಟೇ ಹೇಳುತ್ತಿದ್ದರು. ಆ ಹೆಸರು ಯಾವ ಯಂತ್ರದ್ದೆಂದು ಆಪರೇಟರು ಟೈಪು ಮಾಡಿ ತಿಳಿಸಬೇಕು. ಹೊಸದಾಗಿ ಸೇರಿದ ತನ್ನೂರಿನ ಚಿನ್ನಸ್ವಾಮಿಗೆ ಸಂಜೀವಪ್ಪ ಇದನ್ನು ತೋಟದ ಲೆಕ್ಕದಲ್ಲಿ ಕಲಿಸಿದ್ದ: ಹೆಸರು ಕಾಲುವೆ, ಯಂತ್ರ ಪಾತಿ. ನೀರು ತಿರುಗಿಸಿದವನೇ ಮತ್ತೆ ಮೊದಲಿನಂತೆ ಕಟ್ಟಿ ಬರಬೇಕು.

ಕಟ್ಟದೆ ಬಂದವನು ಕಲಿಸಿದವನೇ. ಒಂದು ಬುಧವಾರ ಎರಡನೇ ಯಂತ್ರ ಕೆಟ್ಟಿತು. ಎಂದೂ ಅದಕ್ಕೇ ಸೇರಿರುತ್ತಿದ್ದ ಐದನೇ ಹೆಸರನ್ನು ಸಂಜೀವಪ್ಪ ಮೂರನೆಯದಕ್ಕೆ ತಿರುಗಿಸಿ ಕೆಲಸ ಮುಗಿಸಿದ. ಮಧ್ಯಾಹ್ನ ಯಂತ್ರ ಸರಿಹೋಯಿತು, ಬಸ್ಸಿನ ಹೊತ್ತೂ ಆಯಿತು. ಹೆಸರು ಹಾಗೆಯೇ ಉಳಿಯಿತು. ಪಾಳಿಯ ಪುಸ್ತಕದಲ್ಲೂ ಬರೆಯಲಿಲ್ಲ. ಸಂಜೆ ಬಂದ ಚಿನ್ನಸ್ವಾಮಿ ವಾಡಿಕೆಯಂತೆ ಖಾಲಿ ಟೇಪನ್ನು ಎರಡನೆಯದಕ್ಕೆ ಹಾಕಿದ. ಮುಂದಿನ ಕೆಲಸಕ್ಕೆಂದು ಕಾರ್ಮಿಕರ ಹನ್ನೆರಡು ವರ್ಷದ ಸೇವಾ ದಾಖಲೆಯ ಟೇಪನ್ನು ಮೂರನೆಯದಕ್ಕೆ ಏರಿಸಿಟ್ಟ. ಯಂತ್ರ ಹೆಸರನ್ನು ನಂಬಿ ದಾಖಲೆಯ ಮೇಲೆಯೇ ಬರೆಯಿತು; ಹಳೆಯದು ಅಳಿಸಿಹೋಯಿತು.

ಟೇಪು ತಪ್ಪಾಗಿ ಹಾಕಿದನೆಂದು ಚಿನ್ನಸ್ವಾಮಿಯನ್ನು ಮನೆಗೆ ಕಳಿಸಿದರು. ಅವನ ಕೆಲಸ ಉಳಿಯುವುದೋ ಹೋಗುವುದೋ ಸೋಮವಾರದ ವಿಚಾರಣೆಯಲ್ಲಿ ತೀರ್ಮಾನ. ಆಪರೇಟರು ಟೈಪು ಮಾಡಿದ ಪ್ರತಿ ಸಾಲೂ ಕಾಗದದಲ್ಲಿ ಮೂಡುತ್ತಿತ್ತು. ತಾನು ಹೆಸರು ತಿರುಗಿಸಿದ ಸಾಲಿದ್ದ ಬುಧವಾರ ಬೆಳಗಿನ ಹಾಳೆಯನ್ನು ಸಂಜೀವಪ್ಪ ಮರುದಿನ ಯಾರೂ ಕಾಣದಂತೆ ಹರಿದು ತಂದಿದ್ದ. ನಾಲ್ಕು ದಿನ ಅದು ಅವನ ಜೇಬಿನಲ್ಲಿ ಬೆವರಿಗೆ ಮೆತ್ತಗಾಗುತ್ತಿತ್ತು.

ಸೋಮವಾರ ಬಸ್ಸಿಗೆ ಮುಂಚೆ ಚಿನ್ನಸ್ವಾಮಿಯ ತೋಟಕ್ಕೆ ಹೋದ. ಅವನು ಕೊತ್ತಂಬರಿಗೆ ನೀರು ಹಾಯಿಸುತ್ತಿದ್ದ. ಅಷ್ಟು ದೊಡ್ಡ ಮಿಷನ್ನು ನಡೆಸುವವನಿಗೆ ಸನಿಕೆ ಹಿಡಿಯುವುದನ್ನೂ ತಾನೇ ಹೇಳಿಕೊಡಬೇಕಾಯಿತೆಂದು ಅವನ ಹೆಂಡತಿ ದ್ಯಾವಮ್ಮ ನಗುತ್ತಾ ದೂರಿದಳು. ಸಂಜೀವಪ್ಪ ನಗಲಿಲ್ಲ.

ಚಿನ್ನಸ್ವಾಮಿ ಬಾವಿಕಟ್ಟೆಯ ಮೇಲಿದ್ದ ಕಾಗದವೊಂದನ್ನು ತಂದುಕೊಟ್ಟ.

“ತಪ್ಪು ನಂದೇ ಅಂತ ಬರ್ದಿವ್ನಿ ಕಣಣ್ಣ. ಒಪ್ಕೊಂಡ್ರೆ ಕೆಲ್ಸ ಉಳಿಸ್ಬೋದು. ನೀನೇ ಸಾಹೇಬ್ರಿಗೆ ಕೊಟ್ಬಿಡು.”

“ನೀನ್ಯಾಕೆ ಒಪ್ಕೋಬೇಕು?”

“ಇನ್ಯಾರು ಮಾಡಿರ್ತಾರೆ? ನೀನು ಅಷ್ಟು ಚೆನ್ನಾಗಿ ಕಲ್ಸಿದ್ದೆ. ನಂಗೇ ಮರ್ತೋಯ್ತು, ಎಲ್ಲಿಗೆ ಏನ್ ಹಾಕ್ದೆ ಅಂತ.”

ಅವನೀಗ ಅದನ್ನು ನಿಜವಾಗಿಯೂ ನಂಬಿದ್ದ. ಸಂಜೀವಪ್ಪ ಕಾಗದವನ್ನು ಅವನ ಒದ್ದೆ ಕೈಗೇ ಹಿಂದಿರುಗಿಸಿದ.

“ಇದು ಬ್ಯಾಡ. ಕೊಡಕ್ಕೆ ನನ್ ಹತ್ರ ಇನ್ನೊಂದೈತೆ.”

“ಯಾವ್ದಣ್ಣ? ನನ್ ಬಗ್ಗೆ ನೀನೇನಾದ್ರೂ ಬರ್ದೆಯಾ? ತಡಿ, ಈ ಪಾತಿ ಕಟ್ಬಿಟ್ಟು ಬತ್ತೀನಿ…”

ಚಿನ್ನಸ್ವಾಮಿ ಬಗ್ಗಿ ಮಣ್ಣೆಳೆಯುತ್ತಾ ಇನ್ನೂ ಕೇಳುತ್ತಲೇ ಇದ್ದ. ಸಂಜೀವಪ್ಪ ಜೇಬನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಬದುವಿನ ಮೇಲೆ ಬಸ್ಸಿನ ರಸ್ತೆಯ ಕಡೆಗೆ ನಡೆದಿದ್ದ.