ಇಂಜಿನ್‌ಗೆ ಕಟ್ಟಿದ ಉಪ್ಪಿನಕಾಯಿ ಬಟ್ಟೆ

ಎಪ್ಪತ್ತರ ದಶಕದಲ್ಲಿ ದೆಹಲಿಯ ಆರ್.ಕೆ.ಪುರಂನ ನಮ್ಮ ಮನೆಸಾಲಿನಲ್ಲಿ ಕಾರು ಓಡಿಸುತ್ತಿದ್ದ ಕನ್ನಡದ ಹೆಂಗಸು ನಾನೊಬ್ಬಳೇ. ನಮ್ಮ ಯಜಮಾನರಿಗೆ ಕಚೇರಿಗೆ ಬಸ್ಸೇ ಸಾಕಿತ್ತು. ಆ ಹಳೆಯ ಕಾರನ್ನು ಹಟ ಹಿಡಿದು ಕೊಳ್ಳಿಸಿದವಳೂ ನಾನೇ, ಅದರ ಎಣ್ಣೆ ನೀರು ನೋಡುತ್ತಿದ್ದವಳೂ ನಾನೇ. ಬಾನೆಟ್ ಎತ್ತಿ ನಿಂತರೆ ಎದುರು ಮನೆಯವರು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಮೇ ತಿಂಗಳ ಧೂಳುಗಾಳಿ ಕಳೆದ ಮೇಲೆ ಇಂಜಿನ್ನಿನಿಂದ ಎಣ್ಣೆ ಸೋರತೊಡಗಿತು. ನಿಲ್ಲಿಸಿದಲ್ಲೆಲ್ಲ ಕಪ್ಪು ಕಲೆ, ಒಳಗೆ ಕಮಟು ವಾಸನೆ. ಮಾರ್ಕೆಟ್ಟಿನ ಕಾರು ರಿಪೇರಿ ಮಿಸ್ತ್ರಿ ಎರಡು ಸಲ ಎಣ್ಣೆ ತಡೆಯುವ ಸೀಲು ಬದಲಿಸಿ, ಕೊನೆಗೆ ಇಂಜಿನ್ನೇ ಮುಗಿದಿದೆ ಎಂದ. ಅವನಿಗೆ ಕೆಲಸ ಬರುವುದಿಲ್ಲವೆಂದು ನಾನು ಕಾಲೋನಿಗೆಲ್ಲ ಸಾರಿದೆ.

"ಸಾಕು ಮಾರಾಯ್ತಿ ಈ ಗಾಡಿ ಸಹವಾಸ," ಎಂದರು ಯಜಮಾನರು. "ಲೋಧಿ ಕಾಲೋನಿಯವರೊಬ್ರು ಭಾನುವಾರ ನೋಡೋಕೆ ಬರ್ತಾರೆ. ಕೊಟ್ಟುಬಿಡೋಣ."

ಕಾರು ಹೋದರೆ ಎಲ್ಲಿಗೆ ಹೋಗಬೇಕಾದರೂ ಇವರ ಬಿಡುವು ಕಾಯಬೇಕು.

ಭಾನುವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ, ಇಂಜಿನ್ ಚಾಲೂ ಮಾಡಿ ನೋಡುತ್ತ ನಿಂತೆ. ಎಣ್ಣೆ ಅಳೆಯುವ ಕಡ್ಡಿ ತಾನಾಗಿ ಮೇಲೆದ್ದಿತು. ಒತ್ತಿದೆ, ಮತ್ತೆ ಎದ್ದಿತು. ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲ, ಅದೇ ಎಣ್ಣೆಯನ್ನು ಹೊರದಬ್ಬುತ್ತಿದೆ ಎಂದು ಹೊಳೆಯಿತು. ಇಂಜಿನ್ ಉಸಿರಾಡುವ ತೂತುಗಳಿದ್ದದ್ದು ಎಣ್ಣೆ ತುಂಬುವ ಮುಚ್ಚಳದಲ್ಲಿ. ಧೂಳು ಒಳಹೋಗದಿರಲೆಂದು, ಊರಿನಲ್ಲಿ ಅಮ್ಮ ಉಪ್ಪಿನಕಾಯಿ ಭರಣಿಗೆ ಕಟ್ಟುವಂತೆ, ಅದಕ್ಕೆ ಬಿಳಿ ಬಟ್ಟೆ ಮಡಿಸಿ ದಾರ ಸುತ್ತಿದವಳು ನಾನೇ. ಮಿಸ್ತ್ರಿ ಬಿಚ್ಚಿಟ್ಟಾಗಲೂ ಬೈದು ಅದನ್ನೇ ಮತ್ತೆ ಕಟ್ಟಿಸಿದ್ದೆ.

ಎಣ್ಣೆ, ಧೂಳು ಕೂಡಿ ಗಟ್ಟಿಯಾಗಿದ್ದ ಬಟ್ಟೆ ಪೂರಿಯಂತೆ ಉಬ್ಬಿತ್ತು. ದಾರ ಕತ್ತರಿಸಿದೆ. ಬುಸ್ಸೆಂದು ಗಾಳಿ ಬಂತು. ಕಡ್ಡಿ ತನ್ನ ಜಾಗದಲ್ಲಿ ಕೂತಿತು. ನಾಚಿಕೆಯೂ ಆಯಿತು, ಖುಷಿಯೂ ಆಯಿತು, ಖುಷಿಯೇ ಹೆಚ್ಚು.

"ತಪ್ಪು ನಂದೇ ರೀ," ಎಂದು ಯಜಮಾನರಿಗೆ ಬಟ್ಟೆ ತೋರಿಸಿದೆ. "ಇಂಜಿನ್ ಸರಿಯಾಗೇ ಇದೆ." ಬರುವವರು ಬಂದು ನೋಡಲಿ ಎಂದರು ಅವರು.

ನೋಡಲು ಬಂದವರನ್ನು ಪಕ್ಕದಲ್ಲಿ, ಇವರನ್ನು ಹಿಂದೆ ಕೂರಿಸಿಕೊಂಡು ಓಖ್ಲಾ ತನಕ ಹೋಗಿಬಂದೆ. ಇಳಿದಾಗ ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. "ಬಹುತ್ ಅಚ್ಛಾ," ಎಂದು ಮೆಚ್ಚಿಕೊಂಡ ಬಂದವರು, ಇವತ್ತೇ ಒಯ್ಯುತ್ತೇನೆಂದು ಕೀಲಿಗಾಗಿ ಯಜಮಾನರತ್ತ ಕೈ ಚಾಚಿದರು. ಕೀಲಿ ನನ್ನ ಮುಷ್ಟಿಯಲ್ಲಿತ್ತು. ಅಷ್ಟು ಚೆನ್ನಾಗಿ ಓಡಿಸಬಾರದಿತ್ತು ಅನ್ನಿಸಿತು.

ಯಜಮಾನರು ನನ್ನ ಎಣ್ಣೆಗೈ ನೋಡಿದರು. ಆಮೇಲೆ, ಗಾಡಿ ತನ್ನದಲ್ಲ, ಇವಳದ್ದು, ಇವಳನ್ನೇ ಕೇಳಿ ಎಂದು ಹಿಂದಿಯಲ್ಲಿ ಹೇಳಿದರು.

ಬಂದವರು ನನ್ನತ್ತ ತಿರುಗಿದರು. ಕೊಡುವುದಿಲ್ಲ ಎಂದೆ.